ಒಂದೇ ಸರ್ವರ್, ಹಲವು ಸಬ್‌ನೆಟ್: ಕೊಡಗಿನ ತೋಟಕ್ಕೊಂದು ವಿಳಾಸ ಯೋಜನೆ

ಕೊಡಗಿನ ಕಾಫಿ ತೋಟಕ್ಕೆ ಫೈಬರ್ ಸಂಪರ್ಕ ಬಂದು ಇಳಿಯುವುದು ಸಾಮಾನ್ಯವಾಗಿ ತೋಟದ ಮನೆಯಲ್ಲೋ ಆಫೀಸಿನಲ್ಲೋ. ಅಲ್ಲಿಂದ ಅದು ಹೋಗಬೇಕಾದ ಜಾಗಗಳು ಹಲವು. ರೈಟರ್ ಕೂತು ಹಾಜರಿ, ತೂಕ ಬರೆಯುವ ಕೋಣೆ, ಹೋಂಸ್ಟೇ ಮಾಡಿರುವ ನಾಲ್ಕಾರು ಕಾಟೇಜು, ಪಲ್ಪರ್ ಶೆಡ್ಡು, ಕಣ ಮತ್ತು ಗೋದಾಮಿನ ಕ್ಯಾಮೆರಾಗಳು, ಕಾರ್ಮಿಕರ ಲೈನ್ ಮನೆಗಳು, ಕಣಿವೆಯ ಆಚೆ ಬದಿಗಿರುವ ಇನ್ನೊಂದು ತುಂಡು ತೋಟ. ಇಷ್ಟನ್ನೂ ಸಂಪರ್ಕ ಕೊಟ್ಟವರು ಇಟ್ಟುಹೋದ ಒಂದೇ ಪೆಟ್ಟಿಗೆಗೆ, ಅದರಲ್ಲಿ ಮೊದಲೇ ಇರುವ 192.168.1 ಸರಣಿಗೆ ಕಟ್ಟಿದರೆ ಆರಂಭದಲ್ಲಿ ಎಲ್ಲವೂ ನಡೆಯುತ್ತದೆ. ಅರೇಬಿಕಾ ಕೊಯ್ಲೂ ವಾರಾಂತ್ಯದ ಅತಿಥಿಗಳೂ ಒಟ್ಟಿಗೆ ಬಂದಾಗ ತೊಡಕು ಹೊರಬೀಳುತ್ತದೆ. ತೂಕದ ಕಂಪ್ಯೂಟರಿಗೆ ವಿಳಾಸ ಸಿಗುವುದಿಲ್ಲ. ಅತಿಥಿಯ ಮೊಬೈಲಿನಲ್ಲಿ ಗೋದಾಮಿನ ಕ್ಯಾಮೆರಾದ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಯಾರದೋ ಟಿವಿ ಪ್ರಿಂಟರಿನ ವಿಳಾಸವನ್ನು ಹಿಡಿದು ಕೂತಿರುತ್ತದೆ.

ಜಾಲವನ್ನು ಸಬ್‌ನೆಟ್‌ಗಳಾಗಿ ಒಡೆದು, ಪ್ರತಿಯೊಂದಕ್ಕೂ ಬೇರೆ ವಿಳಾಸ ಸರಣಿ ಕೊಡುವುದೇ ಇದಕ್ಕೆ ಪರಿಹಾರ. ಹಾಗೆ ಒಡೆದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: ಐದು ಸಬ್‌ನೆಟ್‌ಗೆ, ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಐದು ಬೇಕೇ? ಬೇಡ, ಒಂದೇ ಸಾಕು. ಆದರೆ ಆ ಒಂದು ಎಲ್ಲಿವರೆಗೆ ಸಾಕು, ಎಲ್ಲಿಂದಾಚೆ ಸಾಲದು ಎಂಬುದನ್ನು ಕೊಡಗಿನಲ್ಲಿ ಮಳೆ ತೀರ್ಮಾನಿಸುತ್ತದೆ. ಪೇಟೆಯ ಆಫೀಸುಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಈ ಭಾಗ ಸಿಗುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಸರ್ವರ್ ಹೇಗೆ ನಿರ್ಧರಿಸುತ್ತದೆ

ಹೊಸದಾಗಿ ಜಾಲಕ್ಕೆ ಸೇರಿದ ಸಾಧನಕ್ಕೆ ತನ್ನ ವಿಳಾಸವೂ ಗೊತ್ತಿಲ್ಲ, ಸರ್ವರ್ ಎಲ್ಲಿದೆ ಎಂದೂ ಗೊತ್ತಿಲ್ಲ. ಹಾಗಾಗಿ ಅದು 0.0.0.0 ಎಂಬ ಖಾಲಿ ವಿಳಾಸದಿಂದ 255.255.255.255ಕ್ಕೆ, ಅಂದರೆ ಆ ತುಂಡು ಜಾಲದಲ್ಲಿರುವ ಎಲ್ಲರಿಗೂ, ಕೂಗಿ ಕೇಳುತ್ತದೆ. ಇದು ಡಿಸ್ಕವರ್. ಸರ್ವರ್ ಒಂದು ವಿಳಾಸವನ್ನು ಮುಂದಿಡುತ್ತದೆ, ಅದು ಆಫರ್. ಸಾಧನ ಅದನ್ನೇ ಬೇಡುತ್ತದೆ, ಅದು ರಿಕ್ವೆಸ್ಟ್. ಸರ್ವರ್ ಖಚಿತಪಡಿಸುತ್ತದೆ, ಅದು ಅಕ್. ಸರ್ವರಿನ ಕಡೆ ಯುಡಿಪಿ 67, ಸಾಧನದ ಕಡೆ ಯುಡಿಪಿ 68, ಈ ಎರಡು ಪೋರ್ಟುಗಳಲ್ಲಿ ಎಲ್ಲವೂ ನಡೆಯುತ್ತದೆ. 1997ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 2131 ಇಂದಿಗೂ ಇದರ ಮೂಲ ದಾಖಲೆ.

ಕೂಗಿ ಕೇಳುವ ಸಂದೇಶವನ್ನು ರೂಟರ್ ದಾಟಿಸುವುದಿಲ್ಲ. ದಾಟಿಸಬಾರದು ಕೂಡ, ಸಬ್‌ನೆಟ್ ಮಾಡಿದ್ದೇ ಗದ್ದಲ ಆಚೆ ಹೋಗದಿರಲಿ ಎಂದು. ಹೀಗಿರುವಾಗ ಒಂದು ಸರ್ವರ್ ಹಲವು ಸಬ್‌ನೆಟ್‌ಗಳ ಕೂಗು ಕೇಳಿಸಿಕೊಳ್ಳಲು ಎರಡೇ ದಾರಿ. ಪ್ರತಿ ಸಬ್‌ನೆಟ್‌ನಲ್ಲೂ ಸರ್ವರಿಗೆ ಒಂದೊಂದು ಇಂಟರ್‌ಫೇಸ್ ಇರಬೇಕು. ಇಲ್ಲವೇ ಆ ಸಬ್‌ನೆಟ್‌ನ ರೂಟರ್ ಕೂಗನ್ನು ಹಿಡಿದು, ಅದನ್ನು ಸಾಮಾನ್ಯ ಪ್ಯಾಕೆಟ್ಟಾಗಿ ಸರ್ವರಿಗೆ ತಲುಪಿಸಬೇಕು. ಎರಡನೆಯ ಕೆಲಸ ಮಾಡುವುದು ರಿಲೇ ಏಜೆಂಟ್.

ರಿಲೇ ಸುಮ್ಮನೆ ದಾಟಿಸುವುದಿಲ್ಲ. ಸಂದೇಶದಲ್ಲಿ ಗೇಟ್‌ವೇ ವಿಳಾಸಕ್ಕೆಂದೇ ಇರುವ ಖಾನೆಯಲ್ಲಿ, ಕೂಗು ಬಂದ ಬದಿಯ ತನ್ನ ವಿಳಾಸವನ್ನು ಬರೆಯುತ್ತದೆ. ಲಕೋಟೆಯ ಮೇಲೆ ಯಾವ ಊರಿನ ಅಂಚೆ ಮುದ್ರೆ ಬಿದ್ದಿದೆ ಎಂದು ನೋಡುವ ಹಾಗೆ ಸರ್ವರ್ ಮೊದಲು ಆ ಖಾನೆಯನ್ನು ನೋಡುತ್ತದೆ. ಅಲ್ಲಿ 10.20.40.1 ಎಂದಿದ್ದರೆ 10.20.40 ಸರಣಿಯಿಂದ ವಿಳಾಸ ಕೊಡುತ್ತದೆ. ಖಾನೆ ಖಾಲಿ ಇದ್ದರೆ ಸಂದೇಶ ಬಂದ ಇಂಟರ್‌ಫೇಸಿನ ಸರಣಿಯಿಂದ ಕೊಡುತ್ತದೆ. ಕೇಳುತ್ತಿರುವುದು ಕ್ಯಾಮೆರಾವೋ ಮೊಬೈಲೋ ಎಂದು ಅದು ನೋಡಬೇಕಿಲ್ಲ. ಕೇಳಿಕೆ ಎಲ್ಲಿಂದ ಬಂತು ಎಂಬುದೇ ಸರಣಿಯನ್ನು ನಿರ್ಧರಿಸುತ್ತದೆ. ಮುಂದೆ ಬರುವ ಸೆಟ್ಟಿಂಗ್‌ಗಳೂ ಕೆಡುಕುಗಳೂ ಎಲ್ಲವೂ ಈ ಒಂದು ಸಂಗತಿಯಿಂದ ಹುಟ್ಟಿದವು.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಉದಾಹರಣೆಗೆ ಒಂದು ತೋಟವನ್ನು ಇಟ್ಟುಕೊಳ್ಳೋಣ: ಆಫೀಸು, ಹತ್ತು ಕೋಣೆಯ ಹೋಂಸ್ಟೇ, ಮೂವತ್ತು ಕ್ಯಾಮೆರಾ, ಲೈನ್ ಮನೆಗಳು, ಕಣಿವೆಯಾಚೆ ಒಂದು ಗೋದಾಮು. ಇದರ ವಿಳಾಸ ಯೋಜನೆಯನ್ನು ಕಾಗದದ ಮೇಲೆ ಬರೆಯದೆ ರೂಟರ್ ಮುಟ್ಟಬೇಡಿ.

ಖಾಸಗಿ ಜಾಲಗಳಿಗೆಂದು 1996ರಿಂದ ಮೀಸಲಾಗಿರುವ ಸರಣಿಗಳು ಮೂರು: 10ರಿಂದ ಶುರುವಾಗುವ ಇಡೀ ಸರಣಿ, 172.16ರಿಂದ 172.31ರವರೆಗೆ, ಮತ್ತು 192.168. ಕೊನೆಯದನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಮನೆಬಳಕೆಯ ರೂಟರುಗಳಲ್ಲಿ ಬಹುಪಾಲು ಅಂಗಡಿಯಿಂದ ಬರುವಾಗಲೇ 192.168.0 ಅಥವಾ 192.168.1 ಹೊತ್ತು ಬರುತ್ತವೆ. ನಿಮ್ಮ ಜಾಲವೂ ಅದೇ ಆದರೆ ಮುಂದೆ ಕೆಟ್ಟಾಗ ಯಾವ ವಿಳಾಸ ನೀವು ಕೊಟ್ಟದ್ದು, ಯಾವುದು ಹೊರಗಿನ ಪೆಟ್ಟಿಗೆ ಕೊಟ್ಟದ್ದು ಎಂದು ಬೇರ್ಪಡಿಸಲಾಗದು. 10.20 ಎಂದು ಹಿಡಿದರೆ ಮೂರನೆಯ ಅಂಕಿ ಜಾಗವನ್ನು ಹೇಳಲಿ: ಆಫೀಸಿಗೆ 10.20.10, ಅತಿಥಿಗಳಿಗೆ 10.20.20, ಕ್ಯಾಮೆರಾಗಳಿಗೆ 10.20.30, ಲೈನ್ ಮನೆಗಳಿಗೆ 10.20.40, ಕಣಿವೆಯಾಚೆಗೆ 10.20.50, ಸ್ವಿಚ್ಚು ಮತ್ತು ವೈಫೈ ಪೆಟ್ಟಿಗೆಗಳ ನಿರ್ವಹಣೆಗೆ 10.20.99. ಒಂದೇ ಸ್ವಿಚ್ಚಿನಲ್ಲಿ ಈ ಸಬ್‌ನೆಟ್‌ಗಳನ್ನು ಬೇರೆಯಾಗಿಡುವ ವಿಎಲ್ಯಾನ್‌ಗಳ ಸಂಖ್ಯೆಯೂ ಅದೇ ಇರಲಿ: 10, 20, 30. ರಾತ್ರಿ ಹನ್ನೊಂದಕ್ಕೆ ಮಡಿಕೇರಿಯಿಂದ ಯಾರಿಗೋ ಫೋನಿನಲ್ಲಿ ದಾರಿ ಹೇಳುವಾಗ ಈ ಹೊಂದಾಣಿಕೆ ಉಪಕಾರಕ್ಕೆ ಬರುತ್ತದೆ.

ಪ್ರತಿಯೊಂದಕ್ಕೂ 255.255.255.0 ಮಾಸ್ಕ್, ಅಂದರೆ /24 ಕೊಟ್ಟರೆ 254 ಬಳಸಬಹುದಾದ ವಿಳಾಸ ಸಿಗುತ್ತವೆ. ಹತ್ತು ಕೋಣೆಯಲ್ಲಿ ಮೂವರಂತೆ ಮೂವತ್ತು ಜನ, ಒಬ್ಬೊಬ್ಬರಿಗೆ ಎರಡು ಸಾಧನ ಎಂದರೂ ಅರವತ್ತು. ಮಡಿಕೇರಿ ದಸರಾದ ದಿನಗಳಲ್ಲಿ ಬೆಳಿಗ್ಗೆ ಒಂದು ತಂಡ ಹೋಗಿ ಮಧ್ಯಾಹ್ನ ಇನ್ನೊಂದು ಬಂದರೆ ಹಳೆಯ ಅರವತ್ತು ಇನ್ನೂ ಬಿಡುಗಡೆಯಾಗದೆ ಹೊಸ ಅರವತ್ತು ಸೇರುತ್ತವೆ. ಆಗಲೂ ಜಾಗ ಉಳಿಯುತ್ತದೆ. ಇಷ್ಟೇ ಇರುವುದಲ್ಲ ಎಂದು 30 ವಿಳಾಸದ /27ರಂಥ ಸಣ್ಣ ತುಂಡುಗಳನ್ನು ಮಾಡಿ ಲೆಕ್ಕ ಬಿಗಿ ಮಾಡಿಕೊಳ್ಳುವವರಿದ್ದಾರೆ. ಖಾಸಗಿ ಸರಣಿಯಲ್ಲಿ ಆ ಉಳಿತಾಯದಿಂದ ಏನೂ ಸಿಗುವುದಿಲ್ಲ.

ಪ್ರತಿ ಸರಣಿಯಲ್ಲೂ 1 ಗೇಟ್‌ವೇಗೆ. 2ರಿಂದ 49ರವರೆಗೆ ಕೈಯಾರೆ ಕೊಡುವ ಅಥವಾ ಕಾಯ್ದಿರಿಸುವ ವಿಳಾಸಗಳು. 50ರಿಂದ 250ರವರೆಗೆ ಸರ್ವರ್ ಹಂಚುವ ಪೂಲ್. ಕೈಯಾರೆ ಕೊಟ್ಟ ವಿಳಾಸ ಪೂಲ್ ಒಳಗೆ ಬೀಳಬಾರದು. ಬಿದ್ದರೆ ಪ್ರಿಂಟರ್ ಆರಿಸಿದ್ದ ಹೊತ್ತಿನಲ್ಲಿ ಅದರ ವಿಳಾಸ ಇನ್ಯಾರಿಗೋ ಹೋಗುತ್ತದೆ, ಪ್ರಿಂಟರ್ ಹಾಕಿದ ಕೂಡಲೇ ಇಬ್ಬರೂ ಕೆಡುತ್ತಾರೆ.

ಲೈನ್ ಮನೆಗಳ ಸಬ್‌ನೆಟ್ ಬಗ್ಗೆ ಒಂದು ಮಾತು. ಅದನ್ನು ಯೋಜನೆಯ ಕೊನೆಗೆ, ಉಳಿದದ್ದನ್ನು ಕೊಡುವ ಲೆಕ್ಕದಲ್ಲಿ ಸೇರಿಸುವ ರೂಢಿ ನನಗೆ ಸರಿಕಾಣುವುದಿಲ್ಲ. ಅಲ್ಲಿನ ಮಕ್ಕಳ ಓದು, ದೂರದ ಊರಿನವರೊಡನೆ ಮಾತು, ಕೂಲಿ ಬ್ಯಾಂಕಿಗೆ ಬಂತೇ ಎಂದು ನೋಡುವುದು ಎಲ್ಲವೂ ಈಗ ಮೊಬೈಲಿನಲ್ಲಿದೆ, ತೋಟದ ತಗ್ಗಿನಲ್ಲಿ ಸಿಗ್ನಲ್ ಮಾತ್ರ ಇರುವುದಿಲ್ಲ. ಅವರಿಗೂ ಪೂರ್ತಿ ಸರಣಿ, ಸರಿಯಾದ ವೈಫೈ ಪೆಟ್ಟಿಗೆ, ಅವರದೇ ವಿಎಲ್ಯಾನ್ ಇರಲಿ. ಇದಕ್ಕೆ ಹೆಚ್ಚಿಗೆ ಬೇಕಾಗುವುದು ಸರ್ವರಿನಲ್ಲಿ ಐದಾರು ಸಾಲು ಅಷ್ಟೆ.

ಅಂಗಳದೊಳಗಿನ ಸಬ್‌ನೆಟ್‌ಗಳು

ಆಫೀಸು, ಕಾಟೇಜು, ಕಣದ ಕ್ಯಾಮೆರಾಗಳು ಒಂದೇ ಅಂಗಳದ ಸುತ್ತ ಇದ್ದರೆ ಮೊದಲ ದಾರಿ ಸಾಕು. ವಿಎಲ್ಯಾನ್ ಅರಿಯುವ ಮ್ಯಾನೇಜ್ಡ್ ಸ್ವಿಚ್ ಬೇಕು. ರೂಟರಿನಿಂದ ಸ್ವಿಚ್ಚಿಗೆ ಹೋಗುವ ಕೇಬಲ್ ಟ್ರಂಕ್ ಆಗಿರಲಿ, ಎಲ್ಲ ವಿಎಲ್ಯಾನುಗಳೂ ತಮ್ಮ ಸಂಖ್ಯೆಯ ಗುರುತು ಹೊತ್ತು ಅದರಲ್ಲೇ ಸಾಗುತ್ತವೆ. ಕ್ಯಾಮೆರಾ ಸಿಕ್ಕಿಸುವ ಪೋರ್ಟು ವಿಎಲ್ಯಾನ್ 30ಕ್ಕೆ ಮಾತ್ರ. ವೈಫೈ ಪೆಟ್ಟಿಗೆಗೆ ಮತ್ತೆ ಟ್ರಂಕ್, ಏಕೆಂದರೆ ಅದರಲ್ಲಿ ಅತಿಥಿಗಳ ಹೆಸರಿನ ವೈಫೈ 20ಕ್ಕೂ ಆಫೀಸಿನದು 10ಕ್ಕೂ ಸೇರಬೇಕು. ರೂಟರಿನಲ್ಲಿ ಪ್ರತಿ ವಿಎಲ್ಯಾನಿಗೂ ಒಂದು ಇಂಟರ್‌ಫೇಸ್ ತೆರೆದು, 10.20.10.1, 10.20.20.1 ಹೀಗೆ ವಿಳಾಸ ಕೊಟ್ಟು, ಪ್ರತಿ ಇಂಟರ್‌ಫೇಸಿಗೂ ಒಂದು ಪೂಲ್ ಬರೆದರೆ ಮುಗಿಯಿತು. ರಿಲೇ ಬೇಕಿಲ್ಲ.

ಪೂಲ್ ಬರೆಯುವಾಗ ವಿಳಾಸದ ಜೊತೆಗೆ ಹೋಗಬೇಕಾದ ಆಪ್ಷನ್‌ಗಳಲ್ಲೇ ಹೆಚ್ಚಿನ ತಪ್ಪು ನಡೆಯುತ್ತದೆ. ಮೂರನೆಯ ಆಪ್ಷನ್ ಗೇಟ್‌ವೇ: ಅದು ಆಯಾ ಸಬ್‌ನೆಟ್ಟಿನದೇ ಆಗಿರಬೇಕು. ಒಂದು ಪೂಲನ್ನು ನಕಲು ಮಾಡಿ ಇನ್ನೊಂದು ಮಾಡುವಾಗ ಅತಿಥಿಗಳ ಪೂಲಿನಲ್ಲಿ ಆಫೀಸಿನ ಗೇಟ್‌ವೇ ಉಳಿದುಹೋದರೆ, ವಿಳಾಸ ಸರಿಯಾಗಿ ಸಿಕ್ಕರೂ ಇಂಟರ್ನೆಟ್ ಬರುವುದಿಲ್ಲ. ಆರನೆಯದು ಡಿಎನ್‌ಎಸ್. ನಲವತ್ತೆರಡನೆಯದು ಸಮಯದ ಸರ್ವರ್, ಇದನ್ನು ಕ್ಯಾಮೆರಾಗಳ ಪೂಲಿಗೆ ತಪ್ಪದೆ ಬರೆಯಿರಿ. ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಕ್ಕೆ ಹೋಗುವ ಅಗ್ಗದ ಕ್ಯಾಮೆರಾಗಳು ಬಹಳ. ಕಾಫಿ ಚೀಲ ಕಾಣೆಯಾದ ರಾತ್ರಿಯ ಚಿತ್ರದಲ್ಲಿ ಬೇರೆ ಯಾವುದೋ ತಾರೀಖು ಇದ್ದರೆ ಆ ಚಿತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಈ ಆಪ್ಷನ್ನನ್ನು ಓದದ ಕ್ಯಾಮೆರಾಗಳೂ ಇವೆ. ಅವುಗಳಲ್ಲಿ ಸಮಯದ ಸರ್ವರಿನ ವಿಳಾಸವನ್ನು ಕೈಯಾರೆ ಹಾಕಬೇಕು.

ಸಬ್‌ನೆಟ್ ಬೇರೆ ಮಾಡಿದ ಮಾತ್ರಕ್ಕೆ ಅತಿಥಿಗಳಿಂದ ಕ್ಯಾಮೆರಾ ಸುರಕ್ಷಿತ ಎಂದು ತಿಳಿಯಬೇಡಿ. ರೂಟರಿನ ಕೆಲಸವೇ ಒಂದು ಸಬ್‌ನೆಟ್ಟಿನಿಂದ ಇನ್ನೊಂದಕ್ಕೆ ದಾಟಿಸುವುದು. 20ರಿಂದ 10, 30, 99ಕ್ಕೆ ಹೋಗುವುದನ್ನು ಫೈರ್‌ವಾಲ್ ನಿಯಮ ಬರೆದು ತಡೆಯಬೇಕು. ಡಿಎಚ್‌ಸಿಪಿ ವಿಳಾಸ ಹಂಚುತ್ತದೆ, ಕಾವಲು ಕಾಯುವುದಿಲ್ಲ.

ಇನ್ನೊಂದು ಎಚ್ಚರಿಕೆ ಕೇಬಲ್ ಬಗ್ಗೆ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಈಥರ್ನೆಟ್ ಎಳೆದರೆ ನೂರು ಮೀಟರಿನ ಮಿತಿಯದು ಒಂದು ತೊಂದರೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಅದಕ್ಕಿಂತ ದೊಡ್ಡದು. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಆ ತಂತಿಯ ಎರಡೂ ತುದಿಯ ಸ್ವಿಚ್ಚುಗಳು ಸುಟ್ಟುಹೋಗಬಹುದು. ಕಟ್ಟಡಗಳ ನಡುವೆ ಫೈಬರ್ ಹಾಕಿ.

ಗೋಡೆಯಾಚೆಗೆ ರಿಲೇ

ಲೈನ್ ಮನೆಗಳ ಬಳಿ ಇನ್ನೊಂದು ರೂಟರ್ ಇದೆ, ಅದಕ್ಕೂ ಆಫೀಸಿಗೂ ನಡುವೆ ಫೈಬರ್ ಇದೆ ಎಂದುಕೊಳ್ಳೋಣ. 10.20.40 ಸಬ್‌ನೆಟ್ ಆ ರೂಟರಿನ ಆಚೆ ಬದಿಗಿದೆ. ಆಫೀಸಿನ ಸರ್ವರಿಗೆ ಅಲ್ಲಿನ ಕೂಗು ಕೇಳಿಸದು. ಆ ರೂಟರಿನಲ್ಲಿ ರಿಲೇ ಆನ್ ಮಾಡಿ ಸರ್ವರಿನ ವಿಳಾಸ ಕೊಡಬೇಕು. ಸಿಸ್ಕೋ ಸಾಧನಗಳಲ್ಲಿ ಇದಕ್ಕೆ ಐಪಿ ಹೆಲ್ಪರ್ ಅಡ್ರೆಸ್ ಎಂಬ ಆದೇಶ. ಅದನ್ನು ಸಾಧನಗಳಿರುವ ಬದಿಯ ಇಂಟರ್‌ಫೇಸಿನ ಮೇಲೆ ಬರೆಯಬೇಕು, ಸರ್ವರಿನ ಕಡೆಯದರ ಮೇಲಲ್ಲ. ಮೈಕ್ರೋಟಿಕ್‌ನಲ್ಲಿ ಡಿಎಚ್‌ಸಿಪಿ ರಿಲೇ ಎಂಬ ಪ್ರತ್ಯೇಕ ಭಾಗವೇ ಇದೆ. ಅಲ್ಲಿ ಸರ್ವರಿನ ವಿಳಾಸದ ಜೊತೆಗೆ ಲೋಕಲ್ ಅಡ್ರೆಸ್ ಎಂದು 10.20.40.1 ಕೊಡಬೇಕು. ಗೇಟ್‌ವೇ ಖಾನೆಯಲ್ಲಿ ಹೋಗಿ ಕೂರುವುದು ಅದೇ.

ಸರ್ವರಿನ ಕಡೆ ಏನು ಬರೆಯಬೇಕು ಎಂಬುದು ತಂತ್ರಾಂಶದ ಮೇಲೆ ನಿಂತಿದೆ. ಮೈಕ್ರೋಟಿಕ್ಕೇ ಸರ್ವರಾದರೆ ರಿಲೇಯ ಕಡೆಗಿರುವ ಇಂಟರ್‌ಫೇಸಿನ ಮೇಲೆ ಇನ್ನೊಂದು ಡಿಎಚ್‌ಸಿಪಿ ಸರ್ವರ್ ಸೇರಿಸಿ, ಅದರ ರಿಲೇ ಖಾನೆಯಲ್ಲಿ 10.20.40.1 ಎಂದು ಬರೆಯಿರಿ, ನೆಟ್‌ವರ್ಕ್ ಭಾಗದಲ್ಲಿ ಗೇಟ್‌ವೇ ಮತ್ತು ಡಿಎನ್‌ಎಸ್ ಕೊಡಿ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರುಗಳಲ್ಲಿ ಈ ಕೆಲಸ ಮಾಡುವುದು ಡಿಎನ್‌ಎಸ್‌ಮಾಸ್ಕ್. ತನಗೆ ನೇರ ಸಂಪರ್ಕವಿರುವ ಸಬ್‌ನೆಟ್ಟಿನ ಮಾಸ್ಕನ್ನು ಅದು ತಾನೇ ತಿಳಿದುಕೊಳ್ಳುತ್ತದೆ, ರಿಲೇ ಮೂಲಕ ಬರುವುದರದ್ದು ಅದಕ್ಕೆ ತಿಳಿಯದು. ಆದ್ದರಿಂದ ಆ ಸಾಲಿನಲ್ಲಿ 255.255.255.0 ಎಂದು ಸ್ಪಷ್ಟವಾಗಿ ಬರೆಯಬೇಕು. ಗೇಟ್‌ವೇಯನ್ನೂ ಟ್ಯಾಗ್ ಹಾಕಿ ಹೆಸರಿಸಿಬಿಡುವುದು ಒಳ್ಳೆಯದು.

ಲಿನಕ್ಸ್ ಕಂಪ್ಯೂಟರನ್ನೇ ಸರ್ವರ್ ಮಾಡುವವರು ಹಳೆಯ ಪುಸ್ತಕ ನೋಡಿ ಐಎಸ್‌ಸಿ ಡಿಎಚ್‌ಸಿಪಿ ಹಾಕಲು ಹೊರಡುತ್ತಾರೆ. ಅದನ್ನು ರೂಪಿಸಿದ ಸಂಸ್ಥೆಯೇ 2022ರಲ್ಲಿ ಅದರ ನಿರ್ವಹಣೆ ನಿಲ್ಲಿಸಿದೆ. ಹೊಸದಾಗಿ ಮಾಡುವವರಿಗೆ ಅದೇ ಸಂಸ್ಥೆಯ ಕಿಯಾ ಸರಿಯಾದ ಆಯ್ಕೆ. ಕಿಯಾದ ಸಂರಚನೆ ಜೇಸನ್ ರೂಪದಲ್ಲಿರುತ್ತದೆ: ಪ್ರತಿ ಸಬ್‌ನೆಟ್ಟಿಗೆ ಒಂದು ಗುರುತಿನ ಸಂಖ್ಯೆ, ಸಬ್‌ನೆಟ್ ವಿಳಾಸ, ಅದರೊಳಗೆ ಪೂಲ್, ಆಪ್ಷನ್‌ಗಳು, ಕಾಯ್ದಿರಿಸಿದ ವಿಳಾಸಗಳು. ಗುರುತಿನ ಸಂಖ್ಯೆಯನ್ನೂ 10, 20, 30 ಎಂದೇ ಇಟ್ಟು, ಒಮ್ಮೆ ಇಟ್ಟದ್ದನ್ನು ಬದಲಿಸಬೇಡಿ. ಲೀಸ್‌ಗಳು, ಅಂದರೆ ಇಂತಿಷ್ಟು ಅವಧಿಗೆಂದು ಕೊಟ್ಟ ವಿಳಾಸಗಳು, ಆ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ಒಂದು ಅಲ್ಪವಿರಾಮ ತಪ್ಪಿದರೂ ಸರ್ವರ್ ಏಳುವುದಿಲ್ಲವಾದ್ದರಿಂದ, ಮರುಪ್ರಾರಂಭಿಸುವ ಮುನ್ನ ಫೈಲನ್ನು ಪರೀಕ್ಷಿಸುವ ಆದೇಶವನ್ನು ಓಡಿಸಿ ನೋಡಿ.

ಕಾಲೇಜು, ಆಸ್ಪತ್ರೆಗಳಲ್ಲಿ ವಿಂಡೋಸ್ ಸರ್ವರ್ ಇದ್ದರೆ ಪ್ರತಿ ಸಬ್‌ನೆಟ್ಟಿಗೂ ಒಂದು ಸ್ಕೋಪ್ ಮಾಡಿದರಾಯಿತು. ಅಲ್ಲೇ ಸೂಪರ್‌ಸ್ಕೋಪ್ ಎಂಬ ಇನ್ನೊಂದು ಆಯ್ಕೆ ಕಣ್ಣಿಗೆ ಬೀಳುತ್ತದೆ. ಹಲವು ಸಬ್‌ನೆಟ್ ಎಂದ ಕೂಡಲೇ ಎಲ್ಲ ಸ್ಕೋಪ್‌ಗಳನ್ನೂ ಅದರೊಳಗೆ ತುಂಬಿಬಿಡುವವರು ಕಡಿಮೆಯಿಲ್ಲ. ಅದು ಇರುವುದು ಒಂದೇ ತುಂಡು ಜಾಲದ ಮೇಲೆ ಎರಡು ಸರಣಿಗಳು ಓಡುವಾಗ, ಮೊದಲನೆಯದು ತುಂಬಿದರೆ ಎರಡನೆಯದರಿಂದ ಕೊಡಲಿ ಎಂದು. ಕಿಯಾದಲ್ಲಿ ಶೇರ್ಡ್ ನೆಟ್‌ವರ್ಕ್ ಎನ್ನುವುದೂ ಇದನ್ನೇ. ಬೇರೆ ಬೇರೆ ವಿಎಲ್ಯಾನುಗಳನ್ನು ಇದರಲ್ಲಿ ಸೇರಿಸಿದರೆ ಹಾಸ್ಟೆಲ್ಲಿನ ಹುಡುಗನಿಗೆ ಆಫೀಸಿನ ವಿಳಾಸ ಸಿಕ್ಕಿ, ಅಲ್ಲಿಂದ ಎಲ್ಲಿಗೂ ಹೋಗಲಾಗದೆ ಕೂರುತ್ತಾನೆ.

ರಿಲೇ ಹಾಕಿಯೂ ವಿಳಾಸ ಸಿಗದಿದ್ದರೆ ಮೊದಲು ನೋಡಬೇಕಾದದ್ದು ಹಿಂದಿರುಗುವ ದಾರಿ. ಸರ್ವರ್ ತನ್ನ ಉತ್ತರವನ್ನು 10.20.40.1ಕ್ಕೆ ಕಳಿಸುತ್ತದೆ. 10.20.40ಕ್ಕೆ ಹೋಗುವ ರೂಟ್ ಸರ್ವರಿಗೆ ಗೊತ್ತಿಲ್ಲದಿದ್ದರೆ ಉತ್ತರ ಇಂಟರ್ನೆಟ್ಟಿನ ಕಡೆಗೆ ಹೊರಟು ಕಳೆದುಹೋಗುತ್ತದೆ. ಲಾಗ್‌ನಲ್ಲಿ ಮಾತ್ರ ಸರ್ವರ್ ಆಫರ್ ಕೊಟ್ಟೆ, ಆಫರ್ ಕೊಟ್ಟೆ ಎಂದೇ ಹೇಳುತ್ತಿರುತ್ತದೆ. ಆಫರ್ ಮತ್ತೆ ಮತ್ತೆ ಇದ್ದು ರಿಕ್ವೆಸ್ಟ್ ಬಾರದಿದ್ದರೆ ಕಾರಣ ಹೆಚ್ಚಾಗಿ ಇದೇ.

ಇದಕ್ಕಿಂತ ಕಷ್ಟದ್ದು ಒಂದಿದೆ, ಅದನ್ನು ಹಿಡಿಯಲು ಅನುಭವಿಗಳಿಗೂ ಸಮಯ ಬೇಕಾಗುತ್ತದೆ. ಮೊದಲ ಸಲ ವಿಳಾಸ ಕೇಳುವಾಗ ಸಾಧನ ರಿಲೇ ಮೂಲಕ ಹೋಗುತ್ತದೆ. ನವೀಕರಿಸುವಾಗ ಹಾಗಲ್ಲ, ಆಗ ಅದಕ್ಕೆ ಸರ್ವರಿನ ವಿಳಾಸ ಗೊತ್ತಿರುವುದರಿಂದ ನೇರವಾಗಿ ಅದಕ್ಕೇ ಕಳಿಸುತ್ತದೆ. ಅತಿಥಿಗಳ ಅಥವಾ ಲೈನ್ ಮನೆಗಳ ಸಬ್‌ನೆಟ್ಟಿನಿಂದ ಆಫೀಸಿಗೆ ಏನೂ ಹೋಗಬಾರದೆಂದು ಫೈರ್‌ವಾಲ್ ಬರೆದಿದ್ದರೆ ಈ ನವೀಕರಣ ಅಲ್ಲೇ ಸಾಯುತ್ತದೆ. ಎಲ್ಲವೂ ಸರಿಯಿದೆ ಎಂದುಕೊಂಡು ನೀವು ಹೊರಟುಹೋದ ಮೇಲೆ ಲೀಸ್‌ನ ಅರ್ಧ ಸಮಯ ಕಳೆದಾಗ ಇದು ಶುರುವಾಗುತ್ತದೆ. ಎಂಟರಲ್ಲಿ ಏಳು ಭಾಗ ಕಳೆದ ಮೇಲೆ ಸಾಧನ ಮತ್ತೆ ಕೂಗಿ ಕೇಳುವುದರಿಂದ ರಿಲೇ ಮೂಲಕ ಉಳಿದುಕೊಳ್ಳಬಹುದು. ಹಾಗಾಗಿ ರೋಗ ಪೂರ್ತಿ ಕಾಣಿಸದೆ ಆಗೊಮ್ಮೆ ಈಗೊಮ್ಮೆ ಎಂಬಂತೆ ಕಾಡುತ್ತದೆ. ಎಲ್ಲ ಸಬ್‌ನೆಟ್‌ಗಳಿಂದಲೂ ಸರ್ವರಿನ ಯುಡಿಪಿ 67ಕ್ಕೆ ಬರುವುದನ್ನು ಬಿಡುವ ನಿಯಮ, ತಡೆಯುವ ನಿಯಮಕ್ಕಿಂತ ಮೇಲೆ ಇರಬೇಕು.

ಲೀಸ್ ಎಷ್ಟು ಹೊತ್ತು? ಮಳೆಯನ್ನು ಕೇಳಿ

ಸರ್ವರ್ ವಿಳಾಸವನ್ನು ಕೊಡುವುದು ಬಾಡಿಗೆಗೆ. ಅವಧಿಯ ಅರ್ಧ ಕಳೆದಾಗ ಸಾಧನ ನವೀಕರಣ ಕೇಳುತ್ತದೆ, ಸಿಗದಿದ್ದರೆ ಅವಧಿ ಮುಗಿದ ಕ್ಷಣ ವಿಳಾಸ ಬಿಡಬೇಕು. ಅತಿಥಿಗಳ ಲೀಸ್ ಚಿಕ್ಕದಿರಲಿ, ನಾಲ್ಕರಿಂದ ಎಂಟು ಗಂಟೆ ಸಾಕು. ಬಂದವರು ಹೋಗುತ್ತಾರೆ, ವಿಳಾಸ ಬೇಗ ಬಿಡುಗಡೆಯಾಗಲಿ.

ಕ್ಯಾಮೆರಾ ಮತ್ತು ದೂರದ ಸಬ್‌ನೆಟ್‌ಗಳ ಲೆಕ್ಕ ಬೇರೆ. ಜುಲೈಯಲ್ಲಿ ಮರ ಬಿದ್ದು ಫೈಬರ್ ಕಡಿದರೆ ಸರಿಪಡಿಸಲು ಎಷ್ಟು ದಿನ ಬೇಕು? ಮಡಿಕೇರಿ, ಭಾಗಮಂಡಲದ ಕಡೆಯವರಿಗೆ ಇದು ಊಹೆಯ ಪ್ರಶ್ನೆಯಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿ ರಸ್ತೆಗಳು ಮುಚ್ಚಿದಾಗ ಎಷ್ಟೋ ಊರುಗಳು ಹೊರಗಿನ ಸಂಪರ್ಕ ಕಳೆದುಕೊಂಡಿದ್ದವು. ಅಂಥ ವರ್ಷವನ್ನು ಬಿಟ್ಟರೂ ಒಂದೆರಡು ದಿನದ ಕಡಿತ ಮಳೆಗಾಲದಲ್ಲಿ ಮಾಮೂಲು. ಲೀಸ್ 24 ಗಂಟೆ ಇದ್ದರೆ, ನವೀಕರಣಕ್ಕೆ ಸ್ವಲ್ಪ ಮುಂಚೆ ಸಂಪರ್ಕ ಕಡಿದಾಗ ಉಳಿಯುವುದು ಹನ್ನೆರಡು ಗಂಟೆ ಮಾತ್ರ. ಆಮೇಲೆ ಆಚೆಯ ಗೋದಾಮಿನ ಕ್ಯಾಮೆರಾಗಳು ವಿಳಾಸ ಬಿಡುತ್ತವೆ, ಪಕ್ಕದಲ್ಲೇ ಇರುವ ರೆಕಾರ್ಡರಿಗೂ ಅವು ಕಾಣುವುದಿಲ್ಲ. ಇಂಟರ್ನೆಟ್ ಇಲ್ಲದಿದ್ದರೂ ನಡೆಯಬೇಕಿದ್ದ ರೆಕಾರ್ಡಿಂಗ್ ವಿಳಾಸವಿಲ್ಲದ ಕಾರಣಕ್ಕೆ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಜಾಗದಲ್ಲಿ ಆಗಬಹುದಾದ ಅತಿ ದೀರ್ಘ ಕಡಿತದ ಕನಿಷ್ಠ ಎರಡರಷ್ಟು ಲೀಸ್ ಇಡಿ. ಏಳು ದಿನದ ಲೀಸ್ ಇದ್ದರೆ ಕೆಟ್ಟ ಗಳಿಗೆಯಲ್ಲೂ ಮೂರೂವರೆ ದಿನ ಕೈಯಲ್ಲಿರುತ್ತದೆ. ಸಾಧನದ ಯಂತ್ರಾಂಶದ ಗುರುತಾದ ಮ್ಯಾಕ್ ವಿಳಾಸ ನೋಡಿ ಕಾಯ್ದಿರಿಸಿದ ಸಾಧನಗಳಿಗೂ ಇದು ಅನ್ವಯ. ಕಾಯ್ದಿರಿಸಿದ್ದು ಎಂದರೆ ಪ್ರತಿ ಸಲ ಅದೇ ವಿಳಾಸ ಸಿಗುತ್ತದೆ ಎಂದರ್ಥ, ಅದರ ಬಾಡಿಗೆ ಮುಗಿಯುವುದಿಲ್ಲ ಎಂದಲ್ಲ.

ಆದರೆ ಸಂಪರ್ಕದ ಜೊತೆಗೆ ಕರೆಂಟೂ ಹೋದರೆ? ಆಗ ಉದ್ದದ ಲೀಸ್ ಕೂಡ ಕಾಯದಿರಬಹುದು. ಲೀಸ್ ಇನ್ನೂ ಉಳಿದಿದ್ದು ಸರ್ವರ್ ಉತ್ತರಿಸದಿದ್ದರೆ ಹಳೆಯ ವಿಳಾಸವನ್ನೇ ಬಳಸಲು ಆರ್‌ಎಫ್‌ಸಿ ಅನುಮತಿ ಕೊಡುತ್ತದೆ. ಹಲವು ಅಗ್ಗದ ಸಾಧನಗಳು ಆರಿ ಹತ್ತಿದ ಮೇಲೆ ಹಳೆಯದನ್ನು ನೆನಪಿಟ್ಟುಕೊಳ್ಳುವುದೇ ಇಲ್ಲ. ಅವು ಹೊಸದಾಗಿ ಕೂಗುತ್ತವೆ, ರಿಲೇ ಅದನ್ನು ಕಡಿದ ತಂತಿಯ ಕಡೆ ಕಳಿಸುತ್ತದೆ, ಉತ್ತರವಿಲ್ಲ.

ಇಲ್ಲೇ ನನ್ನ ಗಟ್ಟಿ ಅಭಿಪ್ರಾಯ ಇರುವುದು. ಒಂದೇ ಸರ್ವರಿನಿಂದ ಎಲ್ಲವನ್ನೂ ನಡೆಸುವುದು ಅಂದವಾದ ಏರ್ಪಾಡು ನಿಜ. ಅಂಗಳದೊಳಗೆ, ನೆಲದಡಿಯ ಫೈಬರ್ ಇರುವಲ್ಲಿ ಹಾಗೇ ಮಾಡಿ. ಕಣಿವೆ ದಾಟುವ ರೇಡಿಯೋ ಲಿಂಕ್ ಅಥವಾ ಸಿಲ್ವರ್ ಓಕ್ ಮರಗಳ ಮೇಲೆ ತೂಗುವ ಕೇಬಲ್ ನಡುವೆ ಇದ್ದರೆ, ಆಚೆ ಬದಿಯ ರೂಟರಿಗೇ 10.20.50ರ ಸಣ್ಣ ಡಿಎಚ್‌ಸಿಪಿ ಕೊಡಿ. ಒಂದು ತುದಿ ತನ್ನಷ್ಟಕ್ಕೆ ತಾನು ಬದುಕಬೇಕಾದರೆ ವಿಳಾಸ ಕೊಡುವವನೂ ಅಲ್ಲೇ ಇರಬೇಕು. ಎರಡು ಸರ್ವರಾದರೂ ಯೋಜನೆಯ ಕಾಗದ ಒಂದೇ ಆಗಿದ್ದರೆ ಗೊಂದಲವಿಲ್ಲ. ಬಂಡವಾಳವಿರುವ ದೊಡ್ಡ ರೆಸಾರ್ಟ್, ಕಾಲೇಜುಗಳು ಕಿಯಾದ ಜೋಡಿ ಸರ್ವರ್ ವ್ಯವಸ್ಥೆಯನ್ನು ಎರಡು ಬೇರೆ ಕಟ್ಟಡಗಳಲ್ಲಿ ಇಡಬಹುದು. ಹತ್ತು ಕೋಣೆಯ ಹೋಂಸ್ಟೇಗೆ ಅದು ಬೇಕಿಲ್ಲ.

ಕರೆಂಟ್ ಬಂದ ಗಳಿಗೆಯದು ಇನ್ನೊಂದು ಸಂಗತಿ. ಎಲ್ಲ ಸಾಧನಗಳೂ ಒಟ್ಟಿಗೆ ಏಳುತ್ತವೆ, ಸರ್ವರ್ ಅವುಗಳಿಗಿಂತ ತಡವಾಗಿ ಏಳುತ್ತದೆ. ಕೇಳಿ ಕೇಳಿ ಸೋತ ಸಾಧನಗಳು 169.254ರಿಂದ ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಳ್ಳುತ್ತವೆ. ಸರ್ವರ್, ರೂಟರ್, ಮುಖ್ಯ ಸ್ವಿಚ್ಚು ಈ ಮೂರನ್ನು ಯುಪಿಎಸ್ ಮೇಲೆ ಇಟ್ಟರೆ ಈ ತೊಂದರೆ ಬಹುಪಾಲು ಬಾರದು. ಓಪನ್‌ಡಬ್ಲ್ಯುಆರ್‌ಟಿ ಬಳಸುವವರಿಗೆ ಇದು ಇನ್ನೂ ಮುಖ್ಯ, ಅದು ಲೀಸ್ ಪಟ್ಟಿಯನ್ನು ತಾತ್ಕಾಲಿಕ ಮೆಮೊರಿಯಲ್ಲಿ ಇಡುವುದರಿಂದ ಪೆಟ್ಟಿಗೆ ಆರಿದರೆ ಯಾರಿಗೆ ಏನು ಕೊಟ್ಟಿದ್ದೆ ಎಂಬುದು ಅಳಿಸಿಹೋಗುತ್ತದೆ. ಹೊಸ ವಿಳಾಸ ಕೊಡುವ ಮುನ್ನ ಅದು ಪಿಂಗ್ ಮಾಡಿ ನೋಡುತ್ತದಾದರೂ ಆ ಹೊತ್ತಿಗೆ ನಿದ್ರಿಸುತ್ತಿರುವ ಮೊಬೈಲ್ ಉತ್ತರಿಸದಿರಬಹುದು. ಪಟ್ಟಿಯನ್ನು ಯುಎಸ್‌ಬಿ ಡ್ರೈವ್‌ಗೆ ಸರಿಸಿಕೊಳ್ಳಬಹುದು. ಮೈಕ್ರೋಟಿಕ್ ತಾನಾಗಿಯೇ ಐದು ನಿಮಿಷಕ್ಕೊಮ್ಮೆ ಡಿಸ್ಕಿಗೆ ಬರೆಯುತ್ತದೆ.

ಬೇಡದ ಸರ್ವರ್

ಯಾರೋ ವೈಫೈ ಸಿಗುತ್ತಿಲ್ಲವೆಂದು ಪೇಟೆಯಿಂದ ಮನೆಬಳಕೆಯ ರೂಟರ್ ತಂದು, ಅದರ ಲ್ಯಾನ್ ಪೋರ್ಟನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಆ ರೂಟರಿನೊಳಗೂ ಒಂದು ಡಿಎಚ್‌ಸಿಪಿ ಸರ್ವರ್ ಇದೆ. ಅದು ಹತ್ತಿರದಲ್ಲಿದ್ದರೆ ನಿಮ್ಮ ಸರ್ವರಿಗಿಂತ ಮೊದಲೇ ಉತ್ತರ ಕೊಡುತ್ತದೆ, ಸಾಧನಗಳು ಸಾಮಾನ್ಯವಾಗಿ ಮೊದಲು ಬಂದ ಆಫರನ್ನೇ ಒಪ್ಪುತ್ತವೆ. ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿ, ಸರ್ವರಿನ ಕಡೆಗಿರುವ ಪೋರ್ಟನ್ನು ಮಾತ್ರ ನಂಬಿಕೆಯದು ಎಂದು ಗುರುತಿಸಿದರೆ ಉಳಿದ ಪೋರ್ಟುಗಳಿಂದ ಬರುವ ಆಫರ್‌ಗಳನ್ನು ಸ್ವಿಚ್ಚೇ ಎಸೆಯುತ್ತದೆ. ಸ್ವಿಚ್ ಕೊಳ್ಳುವಾಗ ಈ ಸೌಲಭ್ಯ ಇದೆಯೇ ಎಂದು ಕೇಳಿ ಕೊಳ್ಳಿ. ಹಾಗೆಯೇ ಸಂಪರ್ಕ ಕೊಟ್ಟವರ ಪೆಟ್ಟಿಗೆಯಲ್ಲಿರುವ ಡಿಎಚ್‌ಸಿಪಿ ನಿಮ್ಮ ಸಬ್‌ನೆಟ್‌ಗಳಿಗೆ ತಾಗದಂತೆ, ಅದರಿಂದ ನಿಮ್ಮ ರೂಟರಿನ ವ್ಯಾನ್ ಪೋರ್ಟಿಗೆ ಮಾತ್ರ ಕೇಬಲ್ ಇರಲಿ.

ಕೆಟ್ಟಾಗ ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಸಾಧನದ ಮೇಲೆ ಕಾಣುವ ವಿಳಾಸವೇ ಹೇಳುತ್ತದೆ. 169.254 ಇದ್ದರೆ ಯಾವ ಸರ್ವರಿನ ಉತ್ತರವೂ ಬಂದಿಲ್ಲ: ಕೇಬಲ್, ರಿಲೇ, ಹಿಂದಿರುಗುವ ರೂಟ್ ನೋಡಿ. 192.168 ಇದ್ದರೆ ಬೇಡದ ಸರ್ವರ್ ಎಲ್ಲೋ ಇದೆ. ಕ್ಯಾಮೆರಾಗೆ 10.20.20 ಸಿಕ್ಕಿದ್ದರೆ ಸರ್ವರಿನದು ತಪ್ಪಲ್ಲ, ಆ ಸ್ವಿಚ್ ಪೋರ್ಟಿನ ವಿಎಲ್ಯಾನ್ ತಪ್ಪಿದೆ. ಸರಣಿ ಸರಿಯಿದ್ದು ಇಂಟರ್ನೆಟ್ ಇಲ್ಲದಿದ್ದರೆ ಗೇಟ್‌ವೇ, ಡಿಎನ್‌ಎಸ್ ಆಪ್ಷನ್ ನೋಡಿ. ಇಷ್ಟರಲ್ಲಿ ಸಿಗದಿದ್ದರೆ ವೈರ್‌ಶಾರ್ಕ್ ಅಥವಾ ಟಿಸಿಪಿಡಂಪ್‌ನಲ್ಲಿ ಪೋರ್ಟ್ 67 ಮತ್ತು 68ನ್ನು ಮಾತ್ರ ಹಿಡಿದು, ನಾಲ್ಕು ಸಂದೇಶಗಳಲ್ಲಿ ಯಾವುದು ಬಂತು, ಯಾವುದು ಬರಲಿಲ್ಲ ಎಂದು ಎಣಿಸಿ. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಓದುವ ಮಕ್ಕಳು ಇದನ್ನು ಸಿಸ್ಕೋ ಪ್ಯಾಕೆಟ್ ಟ್ರೇಸರಿನಲ್ಲಿ ಮಾಡಿ ನೋಡಬಹುದು. ಊರಿನ ತೋಟದ ನಕ್ಷೆಯನ್ನೇ ಅದರಲ್ಲಿ ಬಿಡಿಸಿದರೆ ಪಠ್ಯದ ಉದಾಹರಣೆಗಿಂತ ಹೆಚ್ಚು ಕಲಿಯಲು ಸಿಗುತ್ತದೆ.

ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಮೊಬೈಲುಗಳು ನಿಜವಾದ ಮ್ಯಾಕ್ ವಿಳಾಸವನ್ನು ಮುಚ್ಚಿಟ್ಟು, ಪ್ರತಿ ವೈಫೈಗೂ ಒಂದೊಂದು ಬೇರೆ ವಿಳಾಸ ತೋರಿಸುತ್ತವೆ. ಆಫೀಸಿನ ಮೊಬೈಲಿಗೆ ವಿಳಾಸ ಕಾಯ್ದಿರಿಸಬೇಕಿದ್ದರೆ ಆ ವೈಫೈಗೆ ಮಾತ್ರ ಈ ಸೌಲಭ್ಯವನ್ನು ಆಫ್ ಮಾಡಬೇಕು.

ದಾಖಲೆಯ ವಿಚಾರವೂ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಸೇವೆ ಒದಗಿಸುವವರು ಮತ್ತು ವ್ಯಾಪಾರ ಸಂಸ್ಥೆಗಳು ತಮ್ಮ ಮಾಹಿತಿ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎನ್ನುತ್ತದೆ. ಗಡಿಯಾರಗಳು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದೊಡನೆ ಹೊಂದಿರಬೇಕು ಎಂದೂ ಹೇಳುತ್ತದೆ. ಯಾವ ಹೊತ್ತಿನಲ್ಲಿ ಯಾವ ಸಾಧನ ಯಾವ ವಿಳಾಸದಲ್ಲಿತ್ತು ಎಂಬುದನ್ನು ಡಿಎಚ್‌ಸಿಪಿ ಲಾಗ್ ಮಾತ್ರ ಹೇಳಬಲ್ಲದು. ಲೀಸ್ ಪಟ್ಟಿಯಲ್ಲಿ ಈ ಕ್ಷಣದ ಸ್ಥಿತಿ ಮಾತ್ರ ಇರುವುದರಿಂದ ಲಾಗನ್ನು ಪ್ರತ್ಯೇಕವಾಗಿ ಒಂದು ಕಂಪ್ಯೂಟರಿಗೆ ಕಳಿಸಿ ಉಳಿಸಿ.

ಇಷ್ಟೆಲ್ಲ ಮಾಡಿದ ಮೇಲೆ ಮೇ ತಿಂಗಳಲ್ಲಿ, ಅತಿಥಿಗಳಿಲ್ಲದ ಒಂದು ವಾರದ ದಿನ, ಪರೀಕ್ಷೆ ಮಾಡಿ. ಪ್ರತಿ ಸಬ್‌ನೆಟ್ಟಿಗೂ ಒಂದು ಲ್ಯಾಪ್‌ಟಾಪ್ ಹಾಕಿ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಮೂರನ್ನೂ ಕಾಗದದ ಯೋಜನೆಯೊಡನೆ ತಾಳೆ ನೋಡಿ. ಅತಿಥಿಗಳ ವೈಫೈಯಿಂದ ಕ್ಯಾಮೆರಾದ ವಿಳಾಸ ತೆರೆಯಲು ಯತ್ನಿಸಿ, ತೆರೆಯಬಾರದು. ಪರೀಕ್ಷೆಗೆಂದು ಲೀಸ್ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿ, ಐದನೆಯ ನಿಮಿಷದ ನವೀಕರಣ ರಿಲೇ ಇರುವ ಸಬ್‌ನೆಟ್ಟಿನಿಂದ ಸರ್ವರಿಗೆ ಬರುತ್ತಿದೆಯೇ ಎಂದು ಲಾಗ್‌ನಲ್ಲಿ ನೋಡಿ, ಆಮೇಲೆ ಅವಧಿಯನ್ನು ಮೊದಲಿನಂತೆ ಏರಿಸಿ. ಕಣಿವೆಯಾಚೆಯ ಲಿಂಕನ್ನು ಕಿತ್ತು, ಅಲ್ಲಿನ ಕರೆಂಟನ್ನೂ ಆರಿಸಿ ಹಾಕಿ, ಕ್ಯಾಮೆರಾಗಳು ತಾವಾಗಿ ಎದ್ದು ರೆಕಾರ್ಡರಿಗೆ ಸೇರುತ್ತವೆಯೇ ಎಂದು ಅಲ್ಲೇ ನಿಂತು ನೋಡಿ. ಸಂರಚನೆಯ ಒಂದು ಪ್ರತಿಯನ್ನು ತೋಟದಿಂದ ಹೊರಗೆ ಎಲ್ಲಾದರೂ ಇಡಿ, ವಿಳಾಸ ಯೋಜನೆಯ ಕಾಗದದ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ.